ನಾಯಕರ ಹೆಸರಿನ ಬಗ್ಗೆ ಯಾರನ್ನು ಕೇಳಬೇಕು? ಅಂತರರಾಷ್ಟ್ರೀಯ ಗುಣಾತ್ಮಕ ಅಧ್ಯಯನಕ್ಕೆ ಪರಿಣತರನ್ನು ಹುಡುಕಿ ಒಪ್ಪಿಸುವ ಬಗೆ

ಸೋವಿಯತ್ ಒಕ್ಕೂಟದ ಕೊನೆಯ ನಾಯಕ ಮಿಖಾಯಿಲ್ ಗೊರ್ಬಚೇವ್ ಅವರಿಗೆ 1990ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಆರು ವರ್ಷಗಳ ನಂತರ, 1996ರಲ್ಲಿ, ಅವರು ರಷ್ಯಾದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದಾಗ ಶೇಕಡಾ ಒಂದರಷ್ಟು ಮತವೂ ಬೀಳಲಿಲ್ಲ. ಹಾಗಾದರೆ ಅವರಿಗಿದ್ದದ್ದು ಒಳ್ಳೆಯ ಹೆಸರೋ ಕೆಟ್ಟ ಹೆಸರೋ ಎಂದು ಕೇಳಿದರೆ ಉತ್ತರವಿಲ್ಲ. ಯಾರ ಬಾಯಲ್ಲಿ ಎಂದು ಕೇಳಿದರೆ ಮಾತ್ರ ಉತ್ತರವುಂಟು. ಗೋಡೆ ಬಿದ್ದ ಬರ್ಲಿನ್ನಿನ ಇತಿಹಾಸಕಾರರು, ಒಕ್ಕೂಟ ಒಡೆದದ್ದನ್ನು ಕಣ್ಣಾರೆ ಕಂಡ ಮಾಸ್ಕೋದ ಹಳೆಯ ಅಧಿಕಾರಿ, 1991ರ ಜನವರಿಯಲ್ಲಿ ಸೋವಿಯತ್ ಸೇನೆಯ ಕಾರ್ಯಾಚರಣೆಯಲ್ಲಿ ಜನ ಸತ್ತ ಲಿಥುವೇನಿಯಾದ ವಿಲ್ನಿಯಸ್ಸಿನ ಪತ್ರಕರ್ತರು: ಈ ಮೂವರೂ ಪರಿಣತರೇ, ಮೂವರ ಮಾತೂ ಬೇರೆಯೇ. ರಾಜಕೀಯ ನಾಯಕರ ಹೆಸರಿನ, ಎಂದರೆ ಜನರ ನಡುವೆ ಅವರಿಗಿರುವ ಖ್ಯಾತಿಯ, ಕುರಿತು ಹಲವು ದೇಶಗಳಲ್ಲಿ ಗುಣಾತ್ಮಕ ಸಂಶೋಧನೆಗೆ (ಅಂಕಿಗಳಿಗಿಂತ ಜನರ ಮಾತನ್ನು ಆಧರಿಸಿದ ಸಂಶೋಧನೆಗೆ) ಹೊರಟವರು ಮೊದಲು ಮನಗಾಣಬೇಕಾದದ್ದು, ಯಾರನ್ನು ಸಂದರ್ಶನಕ್ಕೆ ಕರೆಯುತ್ತೇವೋ ಆ ಪಟ್ಟಿಯಲ್ಲೇ ಅಧ್ಯಯನದ ಅರ್ಧ ಉತ್ತರ ಅಡಗಿರುತ್ತದೆ ಎಂಬುದನ್ನು. ಆದ್ದರಿಂದ ಪರಿಣತರನ್ನು ಹುಡುಕುವ ಕೆಲಸವನ್ನು ಸಂಶೋಧನೆಗೆ ಮುಂಚಿನ ಕಚೇರಿ ಕೆಲಸವೆಂದು ತಿಳಿದು ಸಹಾಯಕರ ಪಾಲಿಗೆ ಬಿಟ್ಟುಬಿಡುವುದು ಸಲ್ಲದು, ಅದು ಸಂಶೋಧನೆಯೇ.

ಯಾವುದರಲ್ಲಿ ಪರಿಣತಿ?

'ರಾಜಕೀಯ ಪರಿಣತರು ಬೇಕು' ಎಂದು ಹೊರಟರೆ ಸಿಗುವವರು ಟಿವಿ ಚರ್ಚೆಗಳಲ್ಲಿ ಕಾಣುವ ಮುಖಗಳು. ಅವರು ಸುಲಭವಾಗಿ ಸಿಗುತ್ತಾರೆ, ಚೆನ್ನಾಗಿ ಮಾತಾಡುತ್ತಾರೆ, ಆದರೆ ಅವರು ಹೇಳುವುದನ್ನು ನಾವು ಈಗಾಗಲೇ ಕೇಳಿರುತ್ತೇವೆ. ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಟೆಟ್ಲಾಕ್ ಅವರು ಸುಮಾರು ಎರಡು ದಶಕ 284 ಪರಿಣತರ ರಾಜಕೀಯ ಭವಿಷ್ಯವಾಣಿಗಳನ್ನು ಬೆನ್ನುಹತ್ತಿ, 2005ರಲ್ಲಿ ಪ್ರಕಟಿಸಿದ ಫಲಿತಾಂಶದಲ್ಲಿ, ಮಾಧ್ಯಮಗಳು ಹೆಚ್ಚಾಗಿ ಹುಡುಕಿಕೊಂಡು ಹೋಗುವ ಪರಿಣತರ ಲೆಕ್ಕಾಚಾರ ಉಳಿದವರದಕ್ಕಿಂತ ಹೆಚ್ಚು ತಪ್ಪುತ್ತದೆ ಎಂಬುದು ಕಂಡುಬಂದಿತ್ತು. ಅದು ಭವಿಷ್ಯ ನುಡಿಯುವುದರ ಬಗೆಗಿನ ಅಧ್ಯಯನ, ಹೆಸರಿನ ಬಗೆಗಿನದಲ್ಲ. ಆದರೂ ಪ್ರಸಿದ್ಧಿಯನ್ನು ಪರಿಣತಿಯ ಗುರುತೆಂದು ಹಿಡಿಯುವವರಿಗೆ ಅಷ್ಟು ಎಚ್ಚರಿಕೆ ಸಾಕು.

ಹೆಸರಿನ ಅಧ್ಯಯನದಲ್ಲಿ ಪರಿಣತಿ ಎಂಬುದಕ್ಕೆ ಕನಿಷ್ಠ ನಾಲ್ಕು ಬೇರೆ ಬೇರೆ ಅರ್ಥಗಳಿವೆ. ಆ ನಾಯಕರ ಜೊತೆ ಕೆಲಸ ಮಾಡಿ ಒಳಗಿನಿಂದ ಕಂಡವರಿದ್ದಾರೆ: ಸಂಪುಟದ ಸಹೋದ್ಯೋಗಿಗಳು, ಆಪ್ತ ಕಾರ್ಯದರ್ಶಿಗಳು, ಭಾಷಣ ಬರೆದುಕೊಟ್ಟವರು. ಹೆಸರನ್ನು ಕಟ್ಟುವ ಅಥವಾ ಕೆಡವುವ ಕಸುಬಿನವರಿದ್ದಾರೆ: ಸಂಪಾದಕೀಯ ಬರೆಯುವವರು, ವ್ಯಂಗ್ಯಚಿತ್ರಕಾರರು, ಚುನಾವಣಾ ಪ್ರಚಾರ ನಡೆಸುವವರು, ಸಮೀಕ್ಷೆ ಸಂಸ್ಥೆಗಳ ವಿಶ್ಲೇಷಕರು. ಕಾಲದ ದೂರದಿಂದ ತೂಗಿ ನೋಡುವವರಿದ್ದಾರೆ: ಜೀವನಚರಿತ್ರಕಾರರು, ಇತಿಹಾಸಕಾರರು, ಪಠ್ಯಪುಸ್ತಕ ರಚಿಸುವವರು. ಇನ್ನು ಬೇರೆ ದೇಶದಲ್ಲಿ ಕುಳಿತು ಆ ನಾಯಕರೊಡನೆ ವ್ಯವಹರಿಸಿದವರು, ಎಂದರೆ ರಾಯಭಾರಿಗಳು, ಸಂಧಾನಕಾರರು, ವಿದೇಶಿ ವರದಿಗಾರರು. ವ್ಯಂಗ್ಯಚಿತ್ರಕಾರರನ್ನು ಕಂಡು ಕೆಲವರು ಹುಬ್ಬೇರಿಸಬಹುದು. ಆದರೆ ಒಬ್ಬ ನಾಯಕನ ಮೂಗನ್ನು ಇಪ್ಪತ್ತು ವರ್ಷ ಬರೆದವರಿಗೆ ಆ ಮುಖ ಜನರ ಮನಸ್ಸಿನಲ್ಲಿ ಯಾವಾಗ ಬದಲಾಯಿತು ಎಂಬುದು ಪ್ರಾಧ್ಯಾಪಕರಿಗಿಂತ ನಿಖರವಾಗಿ ಗೊತ್ತಿರುವ ಸಾಧ್ಯತೆ ಇದೆ.

ಹೀಗಾಗಿ ಒಂದೇ ವಾಕ್ಯದಲ್ಲಿ ಅರ್ಹತೆಯನ್ನು ಬರೆದಿಟ್ಟುಕೊಳ್ಳುವುದು ಮೊದಲ ಹೆಜ್ಜೆ. 'ಈ ನಾಯಕರ ಅಧಿಕಾರಾವಧಿಯಲ್ಲಿ ಕನಿಷ್ಠ ಎರಡು ವರ್ಷ ಅವರ ಕಚೇರಿಯೊಂದಿಗೆ ನೇರ ಕೆಲಸ ಮಾಡಿದವರು' ಅಥವಾ 'ಈ ನಾಯಕರ ಬಗ್ಗೆ ಮೂಲ ದಾಖಲೆಗಳನ್ನು ನೋಡಿ ಕನಿಷ್ಠ ಒಂದು ಪುಸ್ತಕವನ್ನೋ ಎರಡು ಸಂಶೋಧನಾ ಲೇಖನಗಳನ್ನೋ ಪ್ರಕಟಿಸಿದವರು' ಎಂಬಷ್ಟು ಗಟ್ಟಿಯಾಗಿ ಅದು ಇರಬೇಕು. ಹುದ್ದೆಯ ಹೆಸರನ್ನು ಅರ್ಹತೆಯಾಗಿ ಬರೆಯಬೇಡಿ. ಒಂದು ದೇಶದ 'ಸಲಹೆಗಾರ' ಇನ್ನೊಂದು ದೇಶದಲ್ಲಿ ಕೇವಲ ಗೌರವದ ಪದವಿಯಾಗಿರಬಹುದು.

ನೆಲೆಗಳ ಪಟ್ಟಿ ಮೊದಲು, ಹೆಸರುಗಳ ಪಟ್ಟಿ ಆಮೇಲೆ

ಹೆಸರುಗಳನ್ನು ಬರೆಯಲು ಕೂರುವ ಮುನ್ನ ನಾಯಕನನ್ನು ನೋಡುವ ನೆಲೆಗಳನ್ನು ಪಟ್ಟಿ ಮಾಡಬೇಕು. ದೇಶದ ಒಳಗೆ ಮತ್ತು ಹೊರಗೆ, ಹತ್ತಿರದಿಂದ ಮತ್ತು ದೂರದಿಂದ, ಮೆಚ್ಚುವ ಪಾಳೆಯ ಮತ್ತು ಮೆಚ್ಚದ ಪಾಳೆಯ, ಅಂದಿನ ತಲೆಮಾರು ಮತ್ತು ಇಂದಿನ ತಲೆಮಾರು: ಈ ನಾಲ್ಕು ಜೋಡಿಗಳನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದರೆ ಅಧ್ಯಯನಕ್ಕೆ ಯಾವ ಮೂಲೆಗಳು ಬೇಕು, ಯಾವುವು ಬೇಡ ಎಂಬುದು ಸ್ಪಷ್ಟವಾಗುತ್ತದೆ. ಎಲ್ಲ ಮೂಲೆಗಳನ್ನೂ ತುಂಬಬೇಕೆಂದಿಲ್ಲ, ಆದರೆ ಯಾವುದನ್ನು ಖಾಲಿ ಬಿಡುತ್ತಿದ್ದೇವೆ ಎಂಬುದು ನಮಗೆ ತಿಳಿದಿರಬೇಕು.

ತಲೆಮಾರಿನ ಜೋಡಿಯನ್ನು ಅನೇಕರು ಮರೆಯುತ್ತಾರೆ. ಅಮೆರಿಕದ ಅಧ್ಯಕ್ಷರಾಗಿದ್ದ ಹ್ಯಾರಿ ಟ್ರೂಮನ್ ಅವರ ಬಗ್ಗೆ 1952ರ ಫೆಬ್ರವರಿಯಲ್ಲಿ ಗ್ಯಾಲಪ್ ಸಮೀಕ್ಷೆಯಲ್ಲಿ ಮೆಚ್ಚುಗೆ ತೋರಿದವರು ಶೇಕಡಾ 22 ಮಾತ್ರ. 2021ರಲ್ಲಿ ಸಿ-ಸ್ಪ್ಯಾನ್ ವಾಹಿನಿ 142 ಇತಿಹಾಸಕಾರರು ಮತ್ತು ಇತರ ಪರಿಣತರಿಂದ ಅಮೆರಿಕದ ಅಧ್ಯಕ್ಷರಿಗೆ ಅಂಕ ಹಾಕಿಸಿದಾಗ ಅವರಿಗೆ ಆರನೆಯ ಸ್ಥಾನ ಸಿಕ್ಕಿತು. ಅದೇ ಸಮೀಕ್ಷೆಯ ಸರಣಿಯಲ್ಲಿ ಯುಲಿಸಿಸ್ ಗ್ರಾಂಟ್ ಅವರು 2000ದಲ್ಲಿ 33ನೆಯವರಾಗಿದ್ದು 2021ರಲ್ಲಿ 20ನೆಯವರಾದರು. ಗ್ರಾಂಟ್ ತೀರಿಕೊಂಡದ್ದು 1885ರಲ್ಲಿ. ಆ ಇಪ್ಪತ್ತೊಂದು ವರ್ಷಗಳಲ್ಲಿ ಅವರು ಹೊಸದಾಗಿ ಮಾಡಿದ್ದೇನೂ ಇಲ್ಲ. ಬದಲಾದವರು ಅಂಕ ಹಾಕುವವರು, ಮತ್ತು ಅವರ ಕಣ್ಣಿಗೆ ಮುಖ್ಯವಾದ ಪ್ರಶ್ನೆಗಳು. ಎಪ್ಪತ್ತು ದಾಟಿದ ಇತಿಹಾಸಕಾರರನ್ನು ಮಾತ್ರ ಕರೆದರೆ ಒಂದು ಕಾಲದ ಹೆಸರು ಸಿಗುತ್ತದೆ, ಅಷ್ಟೇ.

ಒಳಗೆ ಮತ್ತು ಹೊರಗೆ ಎಂಬ ಜೋಡಿಯದು ಇನ್ನೂ ಸೂಕ್ಷ್ಮ. ವಿನ್‌ಸ್ಟನ್ ಚರ್ಚಿಲ್ ಅವರನ್ನು 2002ರಲ್ಲಿ ಬಿಬಿಸಿ ನಡೆಸಿದ ಜನಮತದಲ್ಲಿ ಅತ್ಯಂತ ಶ್ರೇಷ್ಠ ಬ್ರಿಟನ್ ಪ್ರಜೆಯೆಂದು ಆರಿಸಲಾಯಿತು. ಅವರು ಪ್ರಧಾನಿಯಾಗಿದ್ದಾಗಿನ 1943ರ ಬಂಗಾಳದ ಬರಗಾಲವನ್ನು ಅಧ್ಯಯನ ಮಾಡಿದವರಲ್ಲಿ ಅನೇಕರ ಬಳಿ ಅದೇ ಹೆಸರಿಗೆ ಬೇರೆ ಅರ್ಥವಿದೆ. ಲಂಡನ್ನಿನಲ್ಲಿ ನೆಲೆಸಿದ ಪ್ರಾಧ್ಯಾಪಕರೊಬ್ಬರು 'ವಸಾಹತುಗಳ ದೃಷ್ಟಿ'ಯನ್ನೂ ತಾವೇ ವಿವರಿಸಬಲ್ಲೆವೆಂದು ಹೇಳಬಹುದು, ಅವರ ಓದು ಆಳವಾಗಿಯೂ ಇರಬಹುದು. ಆದರೂ ಅದು ವಿವರಣೆಯೇ ಹೊರತು ನೆಲೆಯಲ್ಲ. ಈ ವಿಷಯದಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ಕೇಂದ್ರ ಹೊಂದಿರುವ ವಿ-ಡೆಮ್ ಯೋಜನೆಯ ರೂಢಿ ಅನುಕರಣೀಯ. ಪ್ರಜಾಪ್ರಭುತ್ವವನ್ನು ಅಳೆಯುವ ಆ ಯೋಜನೆ ಒಂದೊಂದು ಪ್ರಶ್ನೆಗೂ ಸಾಮಾನ್ಯವಾಗಿ ದೇಶಕ್ಕೆ ಐವರು ಅಥವಾ ಹೆಚ್ಚು ಪರಿಣತರನ್ನು ಇಟ್ಟುಕೊಳ್ಳಲು ನೋಡುತ್ತದೆ, ಅವರಲ್ಲಿ ಬಹುಪಾಲು ಆ ದೇಶದವರು ಅಥವಾ ಅಲ್ಲೇ ನೆಲೆಸಿದವರು ಇರಬೇಕೆಂದು ಬಯಸುತ್ತದೆ, ಮತ್ತು ಅವರ ಗುರುತನ್ನು ಗುಟ್ಟಾಗಿಡುತ್ತದೆ. ದೇಶ ಬಿಟ್ಟು ಹೋದವರನ್ನು ಪ್ರತ್ಯೇಕ ನೆಲೆಯಾಗಿ ಗಣಿಸುವುದು ನನ್ನ ಸಲಹೆ. ಅವರ ಮಾತಿನಲ್ಲಿ ಸಿಟ್ಟಿರುತ್ತದೆ ಎಂಬ ಕಾರಣಕ್ಕೆ ಬಿಡಬಾರದು, ದೇಶದೊಳಗಿನವರು ಬಾಯಿ ಬಿಡುತ್ತಿಲ್ಲ ಎಂಬ ಕಾರಣಕ್ಕೆ ಅವರನ್ನೇ ದೇಶದ ದನಿಯೆಂದೂ ಎಣಿಸಬಾರದು.

ಎಷ್ಟು ಜನ ಬೇಕು ಎಂಬ ಪ್ರಶ್ನೆಗೆ 'ಹನ್ನೆರಡು' ಎಂಬ ಉತ್ತರ ಸಂಶೋಧಕರ ನಡುವೆ ಗಾದೆಯಂತೆ ಓಡಾಡುತ್ತದೆ. ಅದರ ಮೂಲ 2006ರಲ್ಲಿ ಪ್ರಕಟವಾದ ಒಂದು ಲೇಖನ. ಘಾನಾ ಮತ್ತು ನೈಜೀರಿಯಾದ 60 ಮಹಿಳೆಯರ ಸಂದರ್ಶನಗಳನ್ನು ಪರಿಶೀಲಿಸಿದಾಗ ಮೊದಲ ಹನ್ನೆರಡರಲ್ಲೇ ಬಹುಪಾಲು ಹೊಸ ವಿಷಯಗಳು ಮುಗಿದಿದ್ದವು ಎಂದು ಅದು ತೋರಿಸಿತು. ಆದರೆ ಅಲ್ಲಿ ಮಾತಾಡಿದವರು ಬಹುಮಟ್ಟಿಗೆ ಒಂದೇ ಬಗೆಯ ಗುಂಪಿಗೆ ಸೇರಿದವರು, ಕೇಳಿದ ಪ್ರಶ್ನೆಗಳೂ ಸೀಮಿತ. ಆರು ದೇಶಗಳ ರಾಯಭಾರಿಗಳನ್ನೂ ವ್ಯಂಗ್ಯಚಿತ್ರಕಾರರನ್ನೂ ಒಟ್ಟಿಗೆ ಸೇರಿಸಿ ಹನ್ನೆರಡಕ್ಕೆ ನಿಲ್ಲಿಸುವುದಕ್ಕೆ ಆ ಲೇಖನ ಆಧಾರವಾಗುವುದಿಲ್ಲ. ನೆಲೆಯೊಂದಕ್ಕೆ ನಾಲ್ಕೈದು ಜನರಿಂದ ಆರಂಭಿಸಿ, ಐದನೆಯವರು ಹೇಳಿದ್ದರಲ್ಲಿ ಹೊಸದೆಷ್ಟು ಎಂದು ನೋಡಿ, ಮುಂದುವರಿಯುವುದೋ ನಿಲ್ಲಿಸುವುದೋ ನಿರ್ಧರಿಸುವುದು ಪ್ರಾಮಾಣಿಕ ದಾರಿ.

ಹೆಸರುಗಳನ್ನು ಎಲ್ಲಿ ಹುಡುಕುವುದು

ಇಂಗ್ಲಿಷ್ ನಿಯತಕಾಲಿಕೆಗಳಲ್ಲಿ ಬರೆದವರ ಹೆಸರುಗಳು ಅರ್ಧ ದಿನದಲ್ಲಿ ಸಿಗುತ್ತವೆ. ಅಪಾಯವಿರುವುದೂ ಅಲ್ಲೇ, ಏಕೆಂದರೆ ಹಾಗೆ ಸಿಗುವವರು ಒಂದೇ ಬಗೆಯ ವಿಶ್ವವಿದ್ಯಾಲಯಗಳಲ್ಲಿ ಓದಿ, ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡು ಬರೆಯುವವರಾಗಿರುತ್ತಾರೆ. ಆಯಾ ದೇಶದ ಭಾಷೆಯಲ್ಲೇ ನಾಯಕರ ಹೆಸರನ್ನು ಬರೆದು ಹುಡುಕಬೇಕು. ಹೆಸರಿನ ಕಾಗುಣಿತ ಲಿಪಿಯಿಂದ ಲಿಪಿಗೆ ಬದಲಾಗುವುದರಿಂದ ಅದನ್ನು ಸ್ಥಳೀಯ ಓದುಗರೊಬ್ಬರಿಂದ ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಸಂಸದೀಯ ಸಮಿತಿಗಳ ಮುಂದೆ ಹೇಳಿಕೆ ಕೊಟ್ಟವರ ಪಟ್ಟಿ, ಮೌಖಿಕ ಇತಿಹಾಸ ಸಂಗ್ರಹಗಳ ಸೂಚಿ, ಜೀವನಚರಿತ್ರೆಗಳ ಕೃತಜ್ಞತಾ ಪುಟ, ಈ ಮೂರು ಕಡೆ ಸಿಗುವ ಹೆಸರುಗಳು ಬೇರೆಲ್ಲೂ ಸಿಗುವುದಿಲ್ಲ. ಕೃತಜ್ಞತಾ ಪುಟವನ್ನು ನಾನು ವಿಶೇಷವಾಗಿ ನಂಬುತ್ತೇನೆ. ಹಿಂದೆ ಒಬ್ಬ ಲೇಖಕರಿಗೆ ಸಮಯ ಕೊಟ್ಟು ಮಾತಾಡಿದವರು ಇನ್ನೊಮ್ಮೆ ಮಾತಾಡಲು ಒಪ್ಪುವ ಸಂಭವ ಹೆಚ್ಚು. ಯುನೆಸ್ಕೋ ಆಶ್ರಯದಲ್ಲಿ 1949ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ರಾಜ್ಯಶಾಸ್ತ್ರ ಸಂಘ ಮತ್ತು 1978ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ರಾಜಕೀಯ ಮನೋವಿಜ್ಞಾನ ಸಂಘಗಳ ಸಮ್ಮೇಳನ ಪಟ್ಟಿಗಳಲ್ಲಿ ಇಂಗ್ಲಿಷೇತರ ದೇಶಗಳ ಕಿರಿಯ ವಿದ್ವಾಂಸರು ಕಣ್ಣಿಗೆ ಬೀಳುತ್ತಾರೆ. ಒಂದೇ ಹೆಸರಿನ ಇಬ್ಬರು ವಿದ್ವಾಂಸರಿದ್ದರೆ ಆರ್ಕಿಡ್ ಎಂಬ ಹದಿನಾರು ಅಂಕಿಯ ಗುರುತು ಸಂಖ್ಯೆ ಗೊಂದಲ ಬಿಡಿಸುತ್ತದೆ.

ಒಬ್ಬರಿಂದ ಇನ್ನೊಬ್ಬರ ಪರಿಚಯ ಪಡೆಯುತ್ತ ಸಾಗುವ ವಿಧಾನವನ್ನು ಸ್ನೋಬಾಲ್ ಮಾದರಿ ಎನ್ನುತ್ತಾರೆ. ಅಧಿಕಾರದ ಒಳವಲಯದವರನ್ನು ತಲುಪಲು ಅದಿಲ್ಲದೆ ಆಗದು, ಏಕೆಂದರೆ ಅಪರಿಚಿತ ಇಮೇಲ್‌ಗೆ ಉತ್ತರಿಸದ ಮಾಜಿ ಮಂತ್ರಿ ಹಳೆಯ ಸಹೋದ್ಯೋಗಿಯ ಒಂದು ಫೋನ್ ಕರೆಗೆ ಒಪ್ಪಿಬಿಡುತ್ತಾರೆ. ಆದರೆ ಗೆಳೆಯರು ಗೆಳೆಯರ ಹೆಸರನ್ನೇ ಹೇಳುತ್ತಾರೆ; ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಇಡೀ ಪಟ್ಟಿ ಒಂದೇ ಪಾಳೆಯದ್ದಾಗಿರುತ್ತದೆ. ಇದಕ್ಕೆ ಮದ್ದೆಂದರೆ ಪರಸ್ಪರ ಸಂಬಂಧವಿಲ್ಲದ ಮೂರು ನಾಲ್ಕು ಕಡೆಯಿಂದ ಆರಂಭಿಸುವುದು, ಒಬ್ಬರಿಂದ ಎರಡಕ್ಕಿಂತ ಹೆಚ್ಚು ಹೆಸರು ಸ್ವೀಕರಿಸದಿರುವುದು, ಮತ್ತು ಸಂದರ್ಶನದ ಕೊನೆಯಲ್ಲಿ 'ಇನ್ನು ಯಾರನ್ನು ಮಾತಾಡಿಸಬೇಕು?' ಎಂದು ಕೇಳುವ ಬದಲು 'ಈ ವಿಷಯದಲ್ಲಿ ತಾವು ಗೌರವಿಸುವ, ಆದರೆ ತಮ್ಮ ಅಭಿಪ್ರಾಯವನ್ನು ಒಪ್ಪದ ಒಬ್ಬರು ಯಾರು?' ಎಂದು ಕೇಳುವುದು. ಈ ಒಂದು ಪ್ರಶ್ನೆ ಮಾಡುವ ಕೆಲಸವನ್ನು ಹತ್ತು ದಿನಗಳ ಹುಡುಕಾಟ ಮಾಡುವುದಿಲ್ಲ.

ಪತ್ರ ಬರೆಯುವ ಮುನ್ನ: ಅವರಿಗಾಗಬಹುದಾದ ಹಾನಿ

ನಾಯಕರ ಹೆಸರಿನ ಬಗ್ಗೆ ಮಾತಾಡುವುದೇ ಕೆಲವು ದೇಶಗಳಲ್ಲಿ ಅಪರಾಧವಾಗಬಹುದು. ಥಾಯ್ಲೆಂಡಿನ ದಂಡಸಂಹಿತೆಯ 112ನೆಯ ವಿಧಿಯ ಪ್ರಕಾರ ರಾಜ, ರಾಣಿ ಮತ್ತು ಉತ್ತರಾಧಿಕಾರಿಯ ನಿಂದನೆಗೆ ಪ್ರತಿ ಆರೋಪಕ್ಕೂ ಮೂರರಿಂದ ಹದಿನೈದು ವರ್ಷಗಳ ಸೆರೆವಾಸವಿದೆ. ಟರ್ಕಿಯ ದಂಡಸಂಹಿತೆಯ 299ನೆಯ ವಿಧಿಯಲ್ಲಿ ಅಧ್ಯಕ್ಷರನ್ನು ಅವಮಾನಿಸಿದ್ದಕ್ಕೆ ಒಂದರಿಂದ ನಾಲ್ಕು ವರ್ಷ. ಸಂಶೋಧಕರಿಗೂ ಅಪಾಯವುಂಟು: ಬ್ರಿಟನ್ನಿನ ಡರಂ ವಿಶ್ವವಿದ್ಯಾಲಯದ ಪಿಎಚ್‌.ಡಿ. ವಿದ್ಯಾರ್ಥಿಯೊಬ್ಬರನ್ನು 2018ರಲ್ಲಿ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಬೇಹುಗಾರಿಕೆಯ ಆರೋಪದ ಮೇಲೆ ಬಂಧಿಸಿ, ಜೀವಾವಧಿ ಶಿಕ್ಷೆ ವಿಧಿಸಿ, ಕೆಲ ದಿನಗಳಲ್ಲೇ ಕ್ಷಮಾದಾನ ನೀಡಿ ಬಿಡಲಾಯಿತು. ಆದ್ದರಿಂದ ಪಟ್ಟಿಯ ಪ್ರತಿ ದೇಶಕ್ಕೂ, ಅಲ್ಲಿನ ಕಾನೂನು ಬಲ್ಲವರೊಬ್ಬರಿಂದ, ಈ ಬಗೆಯ ಸಂದರ್ಶನ ಕೊಟ್ಟವರಿಗೆ ಏನಾಗಬಹುದು ಎಂಬ ಒಂದು ಪುಟದ ಟಿಪ್ಪಣಿ ಬರೆಸಿಕೊಳ್ಳಬೇಕು. ಆ ಟಿಪ್ಪಣಿ ಕೈಗೆ ಬರುವ ತನಕ ಮೊದಲ ಇಮೇಲ್ ಕೂಡ ಹೋಗಕೂಡದು. ಕೆಲವೆಡೆ ಆಹ್ವಾನ ಪತ್ರ ಇನ್‌ಬಾಕ್ಸಿನಲ್ಲಿ ಇದ್ದದ್ದೇ ತೊಂದರೆಗೆ ಸಾಕು.

ಗೋಪ್ಯತೆಯ ಮಾತು ಕೊಡುವಾಗ ಕೈ ಬಿಗಿಹಿಡಿಯಬೇಕು. ಅಮೆರಿಕದ ಬಾಸ್ಟನ್ ಕಾಲೇಜಿನ ಬೆಲ್‌ಫಾಸ್ಟ್ ಯೋಜನೆಯಲ್ಲಿ, ಉತ್ತರ ಐರ್ಲೆಂಡಿನ ಸಂಘರ್ಷದಲ್ಲಿದ್ದ ಮಾಜಿ ಸಶಸ್ತ್ರ ಹೋರಾಟಗಾರರು, ತಾವು ಸಾಯುವ ತನಕ ಧ್ವನಿಮುದ್ರಣ ಹೊರಬರುವುದಿಲ್ಲ ಎಂಬ ಭರವಸೆಯ ಮೇಲೆ 2001ರಿಂದ ಕೆಲವು ವರ್ಷ ಮಾತಾಡಿದ್ದರು. 2011ರಲ್ಲಿ ಬ್ರಿಟನ್ನಿನ ಕೋರಿಕೆಯ ಮೇರೆಗೆ ಅಮೆರಿಕದಲ್ಲಿ ಸಮನ್ಸ್ ಹೊರಟು, ಕೊನೆಗೆ ಕೆಲವು ಮುದ್ರಣಗಳನ್ನು ಪೊಲೀಸರಿಗೆ ಒಪ್ಪಿಸಬೇಕಾಯಿತು. ನ್ಯಾಯಾಲಯದ ಆದೇಶವನ್ನು ಮೀರಿ ಗುಟ್ಟು ಕಾಯುತ್ತೇವೆ ಎಂದು ಯಾವ ಸಂಶೋಧಕರೂ ಬರೆದುಕೊಡಲಾರರು. 'ಕಾನೂನು ಅನುಮತಿಸುವ ಮಿತಿಯೊಳಗೆ' ಎಂದು ಬರೆದು, ಆ ಮಿತಿ ಯಾವುದೆಂದು ಬಾಯಿಮಾತಿನಲ್ಲೂ ವಿವರಿಸಬೇಕು.

ಇದಕ್ಕಿಂತ ದಿನನಿತ್ಯದ ತೊಡಕು ಇನ್ನೊಂದಿದೆ. ಪರಿಣತರ ಲೋಕ ಚಿಕ್ಕದು. 'ಆ ಪ್ರಧಾನಿಯ ಎರಡನೆಯ ಅವಧಿಯ ಆರ್ಥಿಕ ಸಲಹೆಗಾರರೊಬ್ಬರು' ಎಂದು ಬರೆದರೆ ಹೆಸರು ಬರೆಯದಿದ್ದರೂ ಓದುಗರಿಗೆ ಗೊತ್ತಾಗುತ್ತದೆ. ಹಾಗಾಗಿ ಸಮ್ಮತಿ ಪತ್ರದಲ್ಲಿ ಮೂರು ಆಯ್ಕೆಗಳಿರಲಿ: ಹೆಸರು ಸಹಿತ ಉಲ್ಲೇಖ, 'ಯುರೋಪಿನ ಒಬ್ಬ ಮಾಜಿ ರಾಜತಾಂತ್ರಿಕರು' ಎಂಬಂಥ ಸಡಿಲ ಗುರುತು, ಮತ್ತು ಉಲ್ಲೇಖವೇ ಇಲ್ಲದೆ ಹಿನ್ನೆಲೆ ಮಾಹಿತಿಗೆ ಮಾತ್ರ. ಯಾವ ಪದಗಳಲ್ಲಿ ಅವರನ್ನು ವರ್ಣಿಸುತ್ತೇವೆ ಎಂಬುದನ್ನು ಅವರಿಂದಲೇ ಆರಿಸಿಕೊಳ್ಳುವುದು ಉತ್ತಮ. ಮಾತಿನ ನಡುವೆ ಆಯ್ಕೆ ಬದಲಿಸುವ ಸ್ವಾತಂತ್ರ್ಯವೂ ಇರಬೇಕು, ಏಕೆಂದರೆ ಅತ್ಯಂತ ಉಪಯುಕ್ತ ವಾಕ್ಯ 'ಇದನ್ನು ಬರೆದುಕೊಳ್ಳಬೇಡಿ' ಎಂಬುದರ ಹಿಂದೆಯೇ ಬರುತ್ತದೆ.

ದತ್ತಾಂಶದ ಕಾನೂನುಗಳ ಬಗ್ಗೆ ಸಂಕ್ಷೇಪವಾಗಿ: 2018ರ ಮೇ 25ರಿಂದ ಜಾರಿಯಲ್ಲಿರುವ ಯುರೋಪಿಯನ್ ಒಕ್ಕೂಟದ ದತ್ತಾಂಶ ರಕ್ಷಣಾ ನಿಯಮಾವಳಿ ರಾಜಕೀಯ ಅಭಿಪ್ರಾಯವನ್ನು ವಿಶೇಷ ರಕ್ಷಣೆಯ ವರ್ಗಕ್ಕೆ ಸೇರಿಸಿದೆ. ಒಬ್ಬ ವ್ಯಕ್ತಿಯ ವಿವರ ಇನ್ನೊಬ್ಬರಿಂದ ಸಿಕ್ಕಿದ್ದರೆ, ಅದು ಎಲ್ಲಿಂದ ಬಂತೆಂದು ಸಾಮಾನ್ಯವಾಗಿ ಒಂದು ತಿಂಗಳೊಳಗೆ ಆ ವ್ಯಕ್ತಿಗೆ ತಿಳಿಸಬೇಕೆಂದೂ ಅದರ 14ನೆಯ ವಿಧಿ ಹೇಳುತ್ತದೆ. ಪರಿಚಯದ ಸರಪಳಿಯಲ್ಲಿ ಸಿಕ್ಕ ಪ್ರತಿ ಹೆಸರಿಗೂ ಇದು ಅನ್ವಯಿಸುವುದನ್ನು ಬಹಳ ಜನ ಗಮನಿಸಿರುವುದಿಲ್ಲ. ಚೀನಾದಲ್ಲಿ 2021ರ ನವೆಂಬರ್ 1ರಿಂದ ಜಾರಿಗೆ ಬಂದ ವೈಯಕ್ತಿಕ ಮಾಹಿತಿ ರಕ್ಷಣಾ ಕಾನೂನು ದತ್ತಾಂಶ ಗಡಿ ದಾಟುವುದಕ್ಕೆ ತನ್ನದೇ ಷರತ್ತು ವಿಧಿಸುತ್ತದೆ. ಸಂಶೋಧನೆಗೆ ಅನುಮತಿ ಕೊಡುವ ನೈತಿಕ ಸಮಿತಿಗೆ ಅರ್ಜಿ ಸಲ್ಲಿಸುವಾಗ ಇವೆಲ್ಲ ಒಂದೇ ಕಡೆ ಇರಲಿ, ಮತ್ತು ಸಂಪರ್ಕ ವಿವರಗಳ ಕಡತವನ್ನು ಸಂದರ್ಶನಗಳ ಕಡತದಿಂದ ಬೇರೆಯಾಗಿಯೇ ಇಡಿ.

ಆಹ್ವಾನ ಪತ್ರ

ಉದ್ದನೆಯ ಪತ್ರವನ್ನು ಗಣ್ಯರು ಓದುವುದಿಲ್ಲ, ತೀರಾ ಚಿಕ್ಕದನ್ನು ನಂಬುವುದಿಲ್ಲ. ಸಂಸ್ಥೆಯ ಇಮೇಲ್ ವಿಳಾಸದಿಂದ, ಸಂಶೋಧನೆಯ ಮುಖ್ಯಸ್ಥರ ಹೆಸರಿನಲ್ಲೇ, ಮೊದಲ ಪತ್ರಕ್ಕೆ ಯಾವ ಕಡತವನ್ನೂ ಲಗತ್ತಿಸದೆ ಬರೆಯುವುದು ಕ್ಷೇಮ. ಒಂದು ಮಾದರಿ ಹೀಗಿರಬಹುದು:

'ಮಾನ್ಯರೇ, ಮಾಜಿ ಪ್ರಧಾನಿಯೊಬ್ಬರ ಬಗೆಗಿನ ಅಭಿಪ್ರಾಯ ಅವರ ಅಧಿಕಾರಾವಧಿಯ ನಂತರ ನಾಲ್ಕು ದೇಶಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು ನಾವು ಅಧ್ಯಯನ ಮಾಡುತ್ತಿದ್ದೇವೆ. ತಾವು ಆ ಕಾಲದ ವ್ಯಾಪಾರ ಒಪ್ಪಂದದ ಮಾತುಕತೆಗಳ ಬಗ್ಗೆ ಬರೆದ ಲೇಖನವನ್ನು ಓದಿ, ಆ ಮಾತುಕತೆಗಳ ಇನ್ನೊಂದು ಬದಿಯಲ್ಲಿದ್ದವರ ದೃಷ್ಟಿ ತಮ್ಮಿಂದ ತಿಳಿಯಬಹುದೆಂದು ಈ ಪತ್ರ ಬರೆಯುತ್ತಿದ್ದೇನೆ. ತಮಗೆ ಅನುಕೂಲವಾದ ಭಾಷೆಯಲ್ಲಿ, ನಲವತ್ತೈದು ನಿಮಿಷಗಳ ಒಂದು ಮಾತುಕತೆಗೆ ಸಮಯ ಕೊಡಬಲ್ಲಿರಾ? ತಮ್ಮ ಹೆಸರನ್ನು ಬಳಸಬೇಕೋ ಬೇಡವೋ ಎಂಬುದು ತಮ್ಮ ನಿರ್ಧಾರ. ಅಧ್ಯಯನಕ್ಕೆ ಹಣ ಒದಗಿಸಿದವರ ಹೆಸರನ್ನೂ ನೈತಿಕ ಸಮಿತಿಯ ಅನುಮತಿ ಸಂಖ್ಯೆಯನ್ನೂ ಕೆಳಗೆ ಕೊಟ್ಟಿದ್ದೇನೆ. ಮಾತಾಡುವ ಮನಸ್ಸಿಲ್ಲದಿದ್ದರೆ ಒಂದು ಸಾಲಿನ ಉತ್ತರ ಸಾಕು, ಮತ್ತೆ ತೊಂದರೆ ಕೊಡುವುದಿಲ್ಲ.'

ಇದರಲ್ಲಿ ಎರಡನೆಯ ವಾಕ್ಯದ ಮೇಲೆ ಎಲ್ಲ ನಿಂತಿದೆ. ಇವರನ್ನೇ ಏಕೆ ಕೇಳುತ್ತಿದ್ದೇವೆ ಎಂಬುದನ್ನು ಅವರ ಒಂದು ನಿರ್ದಿಷ್ಟ ಕೆಲಸವನ್ನು ಹೆಸರಿಸಿ ಹೇಳದಿದ್ದರೆ ಪತ್ರ ಸುತ್ತೋಲೆಯಾಗುತ್ತದೆ. ನಿಜವಾಗಿ ಓದಿಯೇ ಬರೆಯಬೇಕು; ಓದದೆ ಹೊಗಳಿದ್ದನ್ನು ಪರಿಣತರು ಒಂದೇ ನೋಟಕ್ಕೆ ಗುರುತಿಸುತ್ತಾರೆ. ಹಣ ಕೊಟ್ಟವರ ಹೆಸರನ್ನು ಮುಚ್ಚಿಡುವುದು ಮೋಸ ಮಾತ್ರವಲ್ಲದೆ ದಡ್ಡತನವೂ ಹೌದು, ಯಾಕೆಂದರೆ ರಾಜಕೀಯದಲ್ಲಿ ಪಳಗಿದವರು ಮೊದಲು ಹುಡುಕುವುದೇ ಅದನ್ನು.

ಅನುವಾದದಲ್ಲಿ 'ಹೆಸರು' ಎಂಬ ಪದವೇ ಕೈಕೊಡಬಹುದು. ಕನ್ನಡದಲ್ಲೇ ಹೆಸರು, ಕೀರ್ತಿ, ವರ್ಚಸ್ಸು, ಮರ್ಯಾದೆ ಒಂದೇ ಅಲ್ಲ. ನಾಯಕನಿಗೆ ವರ್ಚಸ್ಸಿದ್ದೂ ಹೆಸರು ಕೆಟ್ಟಿರಬಹುದು. ಪ್ರತಿ ಭಾಷೆಯಲ್ಲೂ ಪತ್ರವನ್ನು ಒಬ್ಬರು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರು ಮರಳಿ ಅನುವಾದಿಸಿ, ಎರಡನ್ನೂ ಹೋಲಿಸಿದಾಗ ಹೊಗಳಿಕೆಯ ಅಥವಾ ದೂಷಣೆಯ ವಾಸನೆ ಎಲ್ಲಿ ಸೇರಿಕೊಂಡಿದೆ ಎಂಬುದು ಕಾಣುತ್ತದೆ. ಮೆಚ್ಚುವವರನ್ನು ಮಾತ್ರ ಸೆಳೆಯುವ ಪತ್ರ ಬರೆದು ಆಮೇಲೆ ಸಮತೋಲನ ಹುಡುಕಿದರೆ ಅದು ಸಿಗುವುದಿಲ್ಲ.

ಎಷ್ಟು ಜನ ಒಪ್ಪುತ್ತಾರೆ? ಲೀಡ್ಸ್ ವಿಶ್ವವಿದ್ಯಾಲಯ ಮೋರಿ (MORI) ಎಂಬ ಜನಮತ ಸಮೀಕ್ಷಾ ಸಂಸ್ಥೆಯೊಂದಿಗೆ 2004ರಲ್ಲಿ ಬ್ರಿಟನ್ನಿನ ಪ್ರಧಾನಿಗಳ ಬಗ್ಗೆ ಸಮೀಕ್ಷೆ ನಡೆಸಿದಾಗ 258 ಪ್ರಾಧ್ಯಾಪಕರಿಗೆ ಪ್ರಶ್ನಾವಳಿ ಕಳಿಸಿ 139 ಉತ್ತರಗಳನ್ನು ಪಡೆಯಿತು. ಆದರೆ ಅದು ಒಂದೇ ದೇಶದ, ವಿದ್ವಾಂಸರಿಗೆ ಮಾತ್ರ ಕಳಿಸಿದ ಪ್ರಶ್ನಾವಳಿ. ಮುಕ್ಕಾಲು ಗಂಟೆಯ ಮುಖಾಮುಖಿ ಮಾತಿಗೆ, ಅದೂ ಹಲವು ದೇಶಗಳ ಮಾಜಿ ಅಧಿಕಾರಿಗಳಿಂದ, ಅಷ್ಟು ಒಪ್ಪಿಗೆ ನಿರೀಕ್ಷಿಸಬೇಡಿ. ಬೇಕಾದವರ ಮೂರು ನಾಲ್ಕು ಪಟ್ಟು ಹೆಸರುಗಳು ಪ್ರತಿ ನೆಲೆಯಲ್ಲೂ ಸಿದ್ಧವಿರಲಿ. ಹತ್ತು ದಿನ ಬಿಟ್ಟು ಒಂದು ನೆನಪೋಲೆ, ಇನ್ನೆರಡು ವಾರಕ್ಕೆ ಮತ್ತೊಂದು, ಅಲ್ಲಿಗೆ ನಿಲ್ಲಿಸಬೇಕು. ಹಿರಿಯರ ಕಾರ್ಯದರ್ಶಿಗಳನ್ನು ಅಡ್ಡಿಯೆಂದು ಭಾವಿಸದೆ, ಅವರಿಗೂ ಪ್ರತ್ಯೇಕವಾಗಿ ನಾಲ್ಕು ಸಾಲಿನಲ್ಲಿ ವಿಷಯ ತಿಳಿಸಿ. ದಿನಚರಿ ಇರುವುದು ಅವರ ಕೈಯಲ್ಲಿ.

ಹಣ, ಹಿತಾಸಕ್ತಿ, ಗುರುತು

ಗೌರವಧನ ಕೊಡುವುದಾದರೆ ಎಲ್ಲರಿಗೂ ಒಂದೇ ತತ್ತ್ವದ ಮೇಲೆ ಕೊಡಬೇಕು, ಮೊತ್ತವನ್ನು ಪತ್ರದಲ್ಲಿ ಆಮಿಷದಂತೆ ಮುಂದೆ ಮಾಡಬಾರದು. ಅಧಿಕಾರದಲ್ಲಿರುವ ಸರ್ಕಾರಿ ನೌಕರರಿಗೆ ಹಣ ಕೊಡದಿರುವುದೇ ಲೇಸು. ವಿದೇಶಿ ಅಧಿಕಾರಿಗಳಿಗೆ ಲಂಚ ತಡೆಯುವ ಅಮೆರಿಕದ 1977ರ ಕಾನೂನು ಮತ್ತು ಬ್ರಿಟನ್ನಿನ 2010ರ ಲಂಚ ಕಾನೂನುಗಳ ದೃಷ್ಟಿಯಿಂದ ಸದುದ್ದೇಶದ ಪಾವತಿಯೂ ಪ್ರಶ್ನೆಗೆ ಒಳಗಾಗಬಹುದು. ಬಹುಪಾಲು ಹಿರಿಯರು ಹಣಕ್ಕಿಂತ ವರದಿಯ ಪ್ರತಿಯನ್ನೂ, ತಮ್ಮ ಮಾತು ತಿರುಚಿಹೋಗದೆಂಬ ಖಾತರಿಯನ್ನೂ ಬಯಸುತ್ತಾರೆ.

ಒಪ್ಪಿದ ಪ್ರತಿಯೊಬ್ಬರ ಹಿತಾಸಕ್ತಿಯನ್ನೂ ಕೇಳಿ ಬರೆದುಕೊಳ್ಳಬೇಕು: ಆ ನಾಯಕರ ಪ್ರತಿಷ್ಠಾನದಿಂದ ಅನುದಾನ ಬಂದಿದೆಯೇ, ಅವರ ಎದುರಾಳಿಗೆ ಸಲಹೆ ಕೊಟ್ಟಿದ್ದರೇ, ಯಾವುದಾದರೂ ಸರ್ಕಾರಕ್ಕಾಗಿ ಪ್ರಚಾರ ಕೆಲಸ ಮಾಡುತ್ತಿದ್ದಾರೆಯೇ. ಅಮೆರಿಕದಲ್ಲಿ ವಿದೇಶಿ ಸರ್ಕಾರಗಳ ಪರ ಕೆಲಸ ಮಾಡುವವರು 1938ರ ಕಾನೂನಿನಡಿ ನೋಂದಾಯಿಸಿಕೊಳ್ಳಬೇಕು, ಆ ದಾಖಲೆಗಳು ಸಾರ್ವಜನಿಕ. ಹೆಸರನ್ನು ಅಲ್ಲಿ ಒಮ್ಮೆ ನೋಡಿಬಿಡುವುದಕ್ಕೆ ಐದು ನಿಮಿಷ ಸಾಕು. ಹಿತಾಸಕ್ತಿ ಇದ್ದವರನ್ನು ಕೈಬಿಡಬೇಕೆಂದಲ್ಲ. ನಾಯಕರ ಹತ್ತಿರದವರಲ್ಲಿ ಹಿತಾಸಕ್ತಿ ಇಲ್ಲದವರು ಸಿಗುವುದೂ ಕಷ್ಟ. ಅದು ಯಾವುದೆಂದು ಬರೆದಿಟ್ಟರೆ ಅವರ ಮಾತನ್ನು ಎಲ್ಲಿಟ್ಟು ತೂಗಬೇಕು ಎಂಬುದು ತಿಳಿಯುತ್ತದೆ.

ಬಹಿರಂಗ ಪ್ರಕಟಣೆ ನೀಡಿ, ಗೌರವಧನ ಘೋಷಿಸಿ ಆನ್‌ಲೈನ್‌ನಲ್ಲಿ ಜನರನ್ನು ಕರೆಯುವ ಅಧ್ಯಯನಗಳಿಗೆ ಇತ್ತೀಚೆಗೆ ಸುಳ್ಳು ಗುರುತಿನವರು ನುಗ್ಗುತ್ತಿದ್ದಾರೆ. ಪರಿಣತರ ಅಧ್ಯಯನದಲ್ಲಿ ಬಹಿರಂಗ ಕರೆಯನ್ನೇ ತಪ್ಪಿಸುವುದು ಒಳ್ಳೆಯದು. ಸಂದರ್ಶನಕ್ಕೆ ಮುನ್ನ ಹತ್ತು ನಿಮಿಷದ ಪರಿಚಯ ಕರೆ ಮಾಡಿ, ಆ ಕಾಲದ ಕಚೇರಿ ಹೇಗೆ ನಡೆಯುತ್ತಿತ್ತು ಎಂಬಂಥ ಸಾಮಾನ್ಯ ಪ್ರಶ್ನೆ ಕೇಳಿದರೆ ಒಳಗಿದ್ದವರು ಯಾರು, ಓದಿ ಬಂದವರು ಯಾರು ಎಂಬುದು ಬೇಗ ಗೊತ್ತಾಗುತ್ತದೆ.

ಸಮಯ ನಿಗದಿ ಮಾಡುವಾಗ ಎರಡೂ ಕಡೆಯ ಸ್ಥಳೀಯ ಸಮಯವನ್ನು ದಿನಾಂಕ ಸಹಿತ ಬರೆಯಿರಿ. ಕೆಲವು ದೇಶಗಳು ವರ್ಷಕ್ಕೆರಡು ಸಲ ಗಡಿಯಾರ ಬದಲಿಸುತ್ತವೆ, ಅದೂ ಒಂದೇ ದಿನ ಅಲ್ಲ. ದುಭಾಷಿ ಬೇಕಾದರೆ ಅವರ ಹೆಸರನ್ನು ಸಂದರ್ಶನ ಕೊಡುವವರಿಗೆ ಮೊದಲೇ ತಿಳಿಸಿ ಒಪ್ಪಿಗೆ ಪಡೆಯಬೇಕು. ಅದೇ ರಾಜಕೀಯ ವಲಯದ ದುಭಾಷಿ ಎದುರಿಗಿದ್ದರೆ ಮಾತು ಬಾಗಿಲಲ್ಲೇ ನಿಲ್ಲುತ್ತದೆ.

ನಿರಾಕರಣೆಗಳ ಕಡತ

ಯಾರಿಗೆ ಯಾವ ದಿನ ಬರೆದೆವು, ಯಾರ ಮೂಲಕ, ಅವರು ಯಾವ ನೆಲೆಯವರು, ಒಪ್ಪಿದರೋ ಇಲ್ಲವೋ, ಕಾರಣ ಹೇಳಿದರೇ: ಇದನ್ನು ಮೊದಲ ದಿನದಿಂದಲೇ ದಾಖಲಿಸುತ್ತ ಹೋಗಬೇಕು. 2007ರಲ್ಲಿ ಪ್ರಕಟವಾಗಿ ಸಂದರ್ಶನ ಆಧಾರಿತ ಅಧ್ಯಯನಗಳಿಗೆ ವ್ಯಾಪಕವಾಗಿ ಬಳಕೆಯಲ್ಲಿರುವ 32 ಅಂಶಗಳ ಕೋರೆಕ್ ಪಟ್ಟಿ, ಜನರನ್ನು ಹೇಗೆ ಆರಿಸಿದಿರಿ, ಹೇಗೆ ಸಂಪರ್ಕಿಸಿದಿರಿ, ಎಷ್ಟು ಜನ ನಿರಾಕರಿಸಿದರು ಎಂಬುದನ್ನು ವರದಿ ಮಾಡಲು ಕೇಳುತ್ತದೆ. ಹೆಸರಿನ ಅಧ್ಯಯನದಲ್ಲಿ ಆ ಅಂಕಿಗಳಿಗಿಂತ ಅವುಗಳ ವಿನ್ಯಾಸ ಹೆಚ್ಚು ಹೇಳುತ್ತದೆ. ವಿರೋಧ ಪಕ್ಷದ ಮಾಜಿ ಸಂಸದರೆಲ್ಲ ಒಪ್ಪಿ, ನಾಯಕರ ಸ್ವಂತ ಸಂಪುಟದವರೆಲ್ಲ ಮೌನವಾಗಿದ್ದರೆ, ಅದು ನಿಷ್ಠೆಯೋ ಭಯವೋ ಮುಜುಗರವೋ ಎಂದು ವಿಚಾರಿಸಬೇಕಾದ ಸಂಗತಿ. ಖಾಲಿ ಉಳಿದ ನೆಲೆಯನ್ನು ಸುಲಭವಾಗಿ ಸಿಗುವವರಿಂದ ತುಂಬಿ ಸಂಖ್ಯೆ ಸರಿ ಮಾಡಿಕೊಳ್ಳುವುದಕ್ಕಿಂತ, ಖಾಲಿ ಎಂದೇ ವರದಿಯಲ್ಲಿ ಬರೆಯುವುದು ಮೇಲು.

ಕಾಲದ ವಿಷಯವೊಂದು ಉಳಿಯಿತು. ಮ್ಯಾನ್ಮಾರಿನ ನಾಯಕಿ ಆಂಗ್ ಸಾನ್ ಸೂಚಿ ಅವರಿಗೆ 1991ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಸಿಕ್ಕಿತ್ತು. 2017ರಲ್ಲಿ ರೋಹಿಂಗ್ಯಾ ಜನರ ಮೇಲೆ ಸೇನೆಯ ಕಾರ್ಯಾಚರಣೆ ನಡೆದ ಬಳಿಕ, 2018ರ ನವೆಂಬರಿನಲ್ಲಿ, ಆಮ್ನೆಸ್ಟಿ ಇಂಟರ್‌ನ್ಯಾಷನಲ್ ತಾನು ಕೊಟ್ಟಿದ್ದ ಗೌರವವನ್ನು ಹಿಂದಕ್ಕೆ ಪಡೆಯಿತು. 2021ರಲ್ಲಿ ಸೇನೆ ಅಧಿಕಾರ ಕಿತ್ತುಕೊಂಡು ಅವರನ್ನು ಬಂಧಿಸಿದಾಗ ಮಾತಿನ ಧಾಟಿ ಮತ್ತೊಮ್ಮೆ ಬದಲಾಯಿತು. ಇಂಥ ತಿರುವಿನ ಮೊದಲು ಐವರನ್ನು, ನಂತರ ಐವರನ್ನು ಮಾತಾಡಿಸಿದ್ದರೆ ಅವರ ನಡುವಿನ ವ್ಯತ್ಯಾಸ ದೇಶದ್ದೋ ದಿನಾಂಕದ್ದೋ ಎಂದು ಬಿಡಿಸಿ ಹೇಳಲಾಗದು. ಆದ್ದರಿಂದ ಬೇರೆ ಬೇರೆ ದೇಶಗಳ ಸಂದರ್ಶನಗಳನ್ನು ಒಂದಾದ ಮೇಲೊಂದು ದೇಶದಂತೆ ಮುಗಿಸದೆ, ವಾರಕ್ಕೊಂದೊಂದರಂತೆ ಬೆರೆಸಿ ಇಟ್ಟುಕೊಳ್ಳಬೇಕು. ನಡುವೆ ಚುನಾವಣೆ ಘೋಷಣೆಯಾದರೆ, ನಾಯಕರ ಬಂಧನವಾದರೆ ಅಥವಾ ಅವರು ತೀರಿಕೊಂಡರೆ, ಹೊಸ ಆಹ್ವಾನಗಳನ್ನು ಕೆಲವು ವಾರ ತಡೆಹಿಡಿದು, ಆ ದಿನಾಂಕಕ್ಕೆ ಕಡತದಲ್ಲಿ ಗೆರೆ ಎಳೆದು, ಮೊದಲೇ ಮಾತಾಡಿದವರಲ್ಲಿ ಇಬ್ಬರು ಮೂವರನ್ನು ಮತ್ತೊಮ್ಮೆ ಅರ್ಧ ಗಂಟೆ ಕೇಳಲು ಅನುಮತಿ ಪಡೆಯಬೇಕು. ಅದಕ್ಕೆ ಸಮ್ಮತಿ ಪತ್ರದಲ್ಲಿ ಆರಂಭದಿಂದಲೇ ಒಂದು ಸಾಲು ಇಟ್ಟಿರಬೇಕು.